ಪಾಂಜನೆಲ್ಲಾ ಮಾಡಲು ಹೋಗಿ ಗೋಂದು ಮಾಡಿದ್ದೇನೆ, ಎಲ್ಲಿ ತಪ್ಪಿತು?

ಒಗ್ಗರಣೆ ಡಬ್ಬಿ
ಭಾನುವಾರ ಮನೆಯಲ್ಲಿ ಅರ್ಧ ಪೊಟ್ಟಣ ಬ್ರೆಡ್ ಉಳಿದಿತ್ತು, ಮೂರು ದಿನದ್ದು. ಪ್ರತಿ ಸಲವೂ ಅದು ಉಪ್ಪಿಟ್ಟಿಗೆ ಹೋಗುತ್ತದೆ. ಈ ಸಲ ಬದಲಾವಣೆ ಇರಲಿ ಎಂದು ಇಟಲಿಯ ಟಸ್ಕನಿ ಪ್ರಾಂತ್ಯದ ಪಾಂಜನೆಲ್ಲಾ ಎಂಬ ಸಲಾಡಿಗೆ ಕೈ ಹಾಕಿದೆ. ಉಳಿದ ಬ್ರೆಡ್ಡನ್ನು ತಣ್ಣೀರಿನಲ್ಲಿ ನೆನೆಸಿ, ಹಿಂಡಿ, ಉದುರಿಸಿ, ಅದಕ್ಕೆ ಟೊಮೆಟೊ, ಕೆಂಪು ಈರುಳ್ಳಿ, ಸೌತೆಕಾಯಿ, ಬೇಸಿಲ್ ಎಲೆ, ಆಲಿವ್ ಎಣ್ಣೆ, ವಿನೆಗರ್, ಉಪ್ಪು ಹಾಕಬೇಕು ಎಂದು ಓದಿದ್ದೆ. ಒಲೆಯನ್ನೇ ಹಚ್ಚಬೇಕಾಗಿಲ್ಲ, ಇದಕ್ಕಿಂತ ಸುಲಭ ಯಾವುದಿದೆ ಎಂದುಕೊಂಡೆ.

ನೀರಿಗೆ ಹಾಕಿ ಅರ್ಧ ನಿಮಿಷವಾಗಿರಲಿಲ್ಲ, ಹಿಂಡಲು ಹೋದರೆ ಬೆರಳ ಸಂದಿಯಿಂದ ಬಿಳಿ ಲೋಳೆ ಹೊರಬಂತು. ಚಿಕ್ಕಂದಿನಲ್ಲಿ ಗಾಳಿಪಟ ಅಂಟಿಸಲು ಮೈದಾ ಕುದಿಸಿ ಗೋಂದು ಮಾಡುತ್ತಿದ್ದೆವಲ್ಲ, ಅದೇ. ಮನೆಯವರು ಒಂದು ಚಮಚ ಬಾಯಿಗಿಟ್ಟು, ಉಳಿದದ್ದನ್ನು ಗಣೇಶನ ಮಂಟಪಕ್ಕೆ ಬಣ್ಣದ ಕಾಗದ ಅಂಟಿಸಲು ಎತ್ತಿಡು ಎಂದರು. ನೆನೆಸುವುದೇ ತಪ್ಪೇ? ಅರ್ಧ ಜನ ಬ್ರೆಡ್ಡನ್ನು ಹುರಿದು ಹಾಕುತ್ತಾರೆ. ಯಾರ ಮಾತು ಕೇಳಬೇಕು?

ಕಡಲೆಪುರಿ
ಉಪ್ಪಿಟ್ಟನ್ನೇ ಮಾಡಬಹುದಿತ್ತು.

ಅರ್ನೋ ದಂಡೆ
ಅಕ್ಕ, ನೀವು ತಪ್ಪು ಮಾಡಿಲ್ಲ, ನಿಮ್ಮ ಬ್ರೆಡ್ ಮಾಡಿದೆ. ನಾನು ಟಸ್ಕನಿಯ ಫ್ಲಾರೆನ್ಸಿಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿಯ ಬ್ರೆಡ್ ಎಂದರೆ ಹಿಟ್ಟು, ನೀರು, ಹುಳಿ ಬಂದ ಹಿಟ್ಟಿನ ಮುದ್ದೆ, ಇಷ್ಟೇ. ಸಕ್ಕರೆ ಇಲ್ಲ, ಹಾಲಿಲ್ಲ, ಎಣ್ಣೆ ಇಲ್ಲ. ನಂಬಿದರೆ ನಂಬಿ, ಉಪ್ಪೂ ಇಲ್ಲ. ಮೇಲಿನ ತೊಗಟೆ ದಪ್ಪ. ಮೂರು ದಿನ ಬಿಟ್ಟರೆ ಕಳ್ಳನಿಗೆ ಎಸೆಯಬಹುದು, ಅಷ್ಟು ಗಟ್ಟಿ. ನಮ್ಮ ಪೊಟ್ಟಣದ ಬ್ರೆಡ್ ಒಂದು ವಾರ ಮೆತ್ತಗಿರಲೆಂದೇ ಹುಟ್ಟಿದ್ದು. ಅದಕ್ಕೆ ಸಕ್ಕರೆ, ಕೊಬ್ಬು, ಮೆದುಕಾರಕ ಎಲ್ಲ ಸೇರಿರುತ್ತವೆ. ಅದನ್ನು ನೀರಿಗೆ ಹಾಕಿದರೆ ಕರಗದೆ ಇನ್ನೇನು ಮಾಡೀತು?

ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಮಾಡುವುದನ್ನು ನಿಂತು ನೋಡಿದ್ದೇನೆ. ಬಟ್ಟಲಲ್ಲಿ ನೀರು, ಅದರಲ್ಲಿ ಕೈಯಗಲದ ತುಂಡುಗಳು. ನಡುನಡುವೆ ಒಂದು ತುಂಡನ್ನು ಒತ್ತಿ ನೋಡುತ್ತಿದ್ದರು. ನಡುವಿನ ಗಟ್ಟಿ ಬಿಟ್ಟಿತು ಎಂದಾಗ ಎರಡೂ ಅಂಗೈ ನಡುವೆ ಇಟ್ಟು, ಒಗೆದ ಬಟ್ಟೆ ಹಿಂಡುವ ಹಾಗಲ್ಲ, ಲಾಡು ಒತ್ತುವ ಹಾಗೆ ಒತ್ತಿದರು. ಆಮೇಲೆ ಬೆರಳ ತುದಿಯಲ್ಲಿ ಉಜ್ಜಿ ಉದುರಿಸಿದರು. ಬಿದ್ದದ್ದು ಹೇಗಿತ್ತು ಎಂದರೆ ಹಸಿ ತೆಂಗಿನಕಾಯಿ ತುರಿ. ಒಂದಕ್ಕೊಂದು ಅಂಟಿಲ್ಲ, ಒಣಗಿಯೂ ಇಲ್ಲ. ಹಾಗೆ ಬಂದರೆ ಪಾಂಜನೆಲ್ಲಾ, ಬರದಿದ್ದರೆ ಗಣೇಶನ ಮಂಟಪವೇ ಗತಿ.

ಹಳೇ ಅಗ್ರಹಾರ
ಹಳಸಿದ ಬ್ರೆಡ್ ತಿನ್ನುವುದನ್ನೂ ಈಗ ಹೊರದೇಶದಿಂದ ಕಲಿಯಬೇಕೇ?

ಅರ್ನೋ ದಂಡೆ
ಹಳಸಿದ್ದಲ್ಲ ಸ್ವಾಮಿ. ಹಳಸಿದ್ದು ಬೇರೆ, ತಂಗಳು ಬೇರೆ, ಒಣಗಿದ್ದು ಬೇರೆ. ನಮ್ಮ ಭಾಷೆಯಲ್ಲೇ ಮೂರಕ್ಕೂ ಮೂರು ಮಾತಿರುವಾಗ ಬೆರೆಸುವುದೇಕೆ? ಇಟಾಲಿಯನ್ನರು ಈ ಬ್ರೆಡ್ಡಿಗೆ 'ರಾಫೆರ್ಮೊ' ಎನ್ನುತ್ತಾರೆ. ಆ ಪದದ ಒಳಗಿರುವುದು 'ಗಟ್ಟಿಯಾದದ್ದು' ಎಂಬ ಅರ್ಥ, ಕೆಟ್ಟದ್ದು ಎಂದಲ್ಲ. ಬೂಷ್ಟು ಬಂದಿದ್ದರೆ ಅಲ್ಲಿಯೂ ಕಸಕ್ಕೇ ಹಾಕುತ್ತಾರೆ.

ಬಾಣಲೆ ಭಾವ
ಇಷ್ಟೆಲ್ಲ ಪಡಿಪಾಟಲು ಏಕೆ? ಬ್ರೆಡ್ಡನ್ನು ತುಂಡು ಮಾಡಿ, ಎಣ್ಣೆ ಸವರಿ, ಬಾಣಲೆಯಲ್ಲಿ ಕೆಂಪಗೆ ಹುರಿದು ಟೊಮೆಟೊ ಜೊತೆ ಕಲಸಿ. ಹತ್ತು ನಿಮಿಷ ಬಿಟ್ಟರೆ ರಸ ತಾನೇ ಹೀರುತ್ತದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಒದ್ದೆ ಬ್ರೆಡ್ಡನ್ನು ಹಿಂಡಿ ತಿನ್ನುವ ಮಾತು ಕೇಳಿದರೇ ನನಗೆ ಒಂದು ಥರಾ ಆಗುತ್ತದೆ.

ನಿಧಾನಿ
ಅದು ಟೊಮೆಟೊ ಕೋಸಂಬರಿಗೆ ಹುರಿದ ಬ್ರೆಡ್ ಉದುರಿಸಿದ್ದು. ರುಚಿಯಾಗಿಯೇ ಇರುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಪಾಂಜನೆಲ್ಲಾದಲ್ಲಿ ಮುಖ್ಯ ಬ್ರೆಡ್, ಟೊಮೆಟೊ ಜೊತೆಗಾರ. ನಿಮ್ಮದರಲ್ಲಿ ತಿರುವುಮುರುವು. ಚಿತ್ರಾನ್ನದಲ್ಲಿ ಅನ್ನ ಕಡಿಮೆ ಮಾಡಿ ಕಡಲೆಬೀಜ ಜಾಸ್ತಿ ಹಾಕಿ, ಅದನ್ನೂ ಚಿತ್ರಾನ್ನ ಎಂದೇ ಕರೆಯುತ್ತೀರಾ?

ಬಾಣಲೆ ಭಾವ
ಕಡಲೆಬೀಜ ಜಾಸ್ತಿ ಇರುವ ಚಿತ್ರಾನ್ನವೇ ಒಳ್ಳೆಯ ಚಿತ್ರಾನ್ನ. ಅದಿರಲಿ, ಈ 'ಮೂಲ ವಿಧಾನ'ದ ಜಂಬ ನನಗೆ ಅರ್ಥವಾಗುವುದಿಲ್ಲ. ಟೊಮೆಟೊ ಯುರೋಪಿಗೆ ಬಂದದ್ದೇ ಅಮೆರಿಕದಿಂದ. ಮೊದಲು ಮಾಡಿದವರ ತಟ್ಟೆಯಲ್ಲಿ ಟೊಮೆಟೊನೇ ಇರಲಿಲ್ಲ ಎಂದ ಮೇಲೆ ಯಾರು ಮೂಲ, ಯಾರು ನಕಲಿ?

ಹಳೆಯ ಕಡತ
ಭಾವನವರು ಜಗಳಕ್ಕೆಂದು ಹೇಳಿದ ಮಾತೇ ನಿಜ. 16ನೇ ಶತಮಾನದಲ್ಲಿ ಫ್ಲಾರೆನ್ಸಿನಲ್ಲಿ ಬ್ರೊಂಜೀನೊ ಎಂಬ ಚಿತ್ರಕಾರನಿದ್ದ (1503–1572). ಆಗ ಊರನ್ನು ಆಳುತ್ತಿದ್ದ ಮೆದಿಚಿ ಮನೆತನದ ಕೋಸಿಮೊನ ಆಸ್ಥಾನದವನು. ಕೋಸಿಮೊನ ಹೆಂಡತಿ ಎಲಿಯನೋರಾ ಮಗನೊಂದಿಗೆ ಕುಳಿತ ಅವನ ಚಿತ್ರ ಈಗಲೂ ಉಫೀಜಿ ಸಂಗ್ರಹಾಲಯದಲ್ಲಿದೆ. ಆಕೆಯ ಅಂಗಿಯ ಜರಿ ಕಸೂತಿಯನ್ನು ಎಳೆ ಎಳೆಯಾಗಿ ಬಿಡಿಸಿದ್ದಾನೆ. ಅದೇ ಕೈ ಈರುಳ್ಳಿಯ ಮೇಲೆ ಒಂದು ಹಾಸ್ಯ ಪದ್ಯವನ್ನೂ ಬರೆದಿದೆ. ಅದರಲ್ಲಿ ಬ್ರೆಡ್, ಈರುಳ್ಳಿ, ಎಣ್ಣೆ, ವಿನೆಗರ್, ಸೌತೆಕಾಯಿ, ಜೊತೆಗೆ ಪರ್ಸ್‌ಲೇನ್ ಎಂಬ ಸೊಪ್ಪು ಬರುತ್ತವೆ. ಪಾಂಜನೆಲ್ಲಾದ ಅಜ್ಜಿ ಎಂದು ಎಲ್ಲರೂ ಬೆರಳು ತೋರುವುದು ಅದನ್ನೇ. ಟೊಮೆಟೊ ಸುಳಿವೇ ಇಲ್ಲ.

ಟೊಮೆಟೊ ಅವರ ಊರಿಗೆ ಬಂದಿರಲಿಲ್ಲ ಎಂದಲ್ಲ. 1548ರ ಅಕ್ಟೋಬರ್ 31ರಂದು ಇದೇ ಕೋಸಿಮೊನ ಮನೆವಾರ್ತೆಯವನು, ಫ್ಲಾರೆನ್ಸ್ ಬಳಿಯ ತೋಟದಿಂದ ಬಂದ ಟೊಮೆಟೊ ಬುಟ್ಟಿ ಸುರಕ್ಷಿತವಾಗಿ ತಲುಪಿದೆ ಎಂದು ಬರೆದ ಪತ್ರ ಇದೆ. ಬುಟ್ಟಿ ಬಂತು, ಊಟಕ್ಕೆ ಬರಲಿಲ್ಲ. ಜನ ಅದನ್ನು ಬಹಳ ಕಾಲ ಅನುಮಾನದಿಂದಲೇ ನೋಡಿದರು. ಪಾಂಜನೆಲ್ಲಾ ಕೆಂಪಾದದ್ದು ತೀರಾ ಇತ್ತೀಚೆಗೆ. ಅದಕ್ಕೂ ಮೊದಲು ಅದು ಈರುಳ್ಳಿ ಸಲಾಡ್.

ಗೋಕಾಕ ಕರದಂಟು
ಪರ್ಸ್‌ಲೇನ್ ಎಂದರೆ ನಮ್ಮ ಗೋಣಿ ಸೊಪ್ಪೇ ಅಲ್ಲವೇ? ಕೆಂಪು ದಂಟು, ದಪ್ಪ ಎಲೆ, ತಿಂದರೆ ಸ್ವಲ್ಪ ಹುಳಿ. ನಮ್ಮ ಹೊಲದ ಬದುವಿನಲ್ಲಿ ಕಳೆ ಎಂದು ಕಿತ್ತು ಎಸೆಯುತ್ತಾರೆ, ಅವ್ವ ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬೇಳೆ ಹಾಕಿ ಪಲ್ಯ ಮಾಡುತ್ತಾಳೆ. ರಾಜನ ಆಸ್ಥಾನದ ಚಿತ್ರಕಾರ ಅದನ್ನು ಹೊಗಳಿ ಪದ್ಯ ಬರೆದ ಎಂದು ಹೇಳಿದರೆ ನಗುತ್ತಾಳೆ.

ಹಳೆಯ ಕಡತ
ಅದೇ ಸೊಪ್ಪು. ಹಸಿಯಾಗಿಯೇ ಹಾಕುತ್ತಿದ್ದರು.

ನಿಧಾನಿ
ಕಡತದವರೇ, ನೀವು ಹೇಳಿದ್ದು ನನ್ನ ಮಾತನ್ನೇ ಗಟ್ಟಿ ಮಾಡಿತು. ಟೊಮೆಟೊ ಬಂತು, ಗೋಣಿ ಸೊಪ್ಪು ಹೋಯಿತು, ಸೌತೆಕಾಯಿ ಬೇಕು ಬೇಡ ಎಂದು ಇಂದಿಗೂ ಅಲ್ಲಿ ಜಗಳ. ಬದಲಾಗದೆ ಉಳಿದದ್ದು ಬ್ರೆಡ್, ಈರುಳ್ಳಿ, ಎಣ್ಣೆ, ವಿನೆಗರ್. ಹಾಗಾಗಿ ಟೊಮೆಟೊ ಬಿಟ್ಟರೂ ಪಾಂಜನೆಲ್ಲಾ, ಬ್ರೆಡ್ ನೆನೆಸುವುದನ್ನು ಬಿಟ್ಟರೆ ಅಲ್ಲ.

ಬಾಣಲೆ ಭಾವ
ತೀರ್ಪು ನೀವೇ ಬರೆದುಕೊಂಡಿರಿ, ಸಂತೋಷ.

ಜೋಳದ ತೆನೆ
ಓದುತ್ತಾ ಓದುತ್ತಾ ನನಗೆ ಮುಟಗಿ ನೆನಪಾಯಿತು. ಉಳಿದ ಜೋಳದ ರೊಟ್ಟಿಯನ್ನು ಒರಳಿನಲ್ಲಿ ಹಾಕಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ಕುಟ್ಟಿ ಮುದ್ದೆ ಕಟ್ಟುವುದು. ಅದೂ ಉಳಿದ ರೊಟ್ಟಿಯ ಪಾಂಜನೆಲ್ಲಾನೇ!

ಗೋಕಾಕ ಕರದಂಟು
ಯಾರು ಹೇಳಿದರು ಉಳಿದ ರೊಟ್ಟಿ ಎಂದು? ಮುಟಗಿಗೆ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯೇ ಬೇಕು. ಆರಿದ ರೊಟ್ಟಿಯಲ್ಲಿ ಕುಟ್ಟಿದರೆ ಉದುರುತ್ತದೆ, ಮುದ್ದೆ ಕಟ್ಟುವುದಿಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ತಿಂದು ಬಂದು ಪಾಠ ಮಾಡಬೇಡಿ.

ಜೋಳದ ತೆನೆ
ನಾನು ಹುಟ್ಟಿದ್ದೇ ಗದಗಿನಲ್ಲಿ. ನಮ್ಮ ಅಜ್ಜಿ ಉಳಿದದ್ದರಲ್ಲೇ ಮಾಡುತ್ತಿದ್ದಳು, ಹಂಚಿನ ಮೇಲೆ ಮತ್ತೆ ಬಿಸಿ ಮಾಡಿ.

ಗೋಕಾಕ ಕರದಂಟು
ಹಾಗಾದರೆ ಬಿಸಿ ಮಾಡಿದ್ದಾಯಿತಲ್ಲ. ನನ್ನ ಮಾತೇ ನಿಂತಿತು.

ಹಿಟ್ಟಿನ ಮೇಷ್ಟ್ರು
ಮುಟಗಿಯ ಜಗಳದಲ್ಲಿ ಇಬ್ಬರೂ ಒಂದು ದೊಡ್ಡ ವಿಷಯ ಮುಟ್ಟಿ ಬಿಟ್ಟುಬಿಟ್ಟಿರಿ. ಆರಿದ ರೊಟ್ಟಿಯನ್ನು ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುವುದೇಕೆ? ಒಣಗಿದ್ದರೆ ಬಿಸಿಗೆ ಇನ್ನಷ್ಟು ಒಣಗಬೇಕಿತ್ತಲ್ಲ?

ಬ್ರೆಡ್ ಗಟ್ಟಿಯಾಗುವುದು ನೀರು ಆರಿದ್ದರಿಂದ ಮಾತ್ರವಲ್ಲ. ಬೇಯುವಾಗ ಹಿಟ್ಟಿನ ಪಿಷ್ಟ ನೀರು ಕುಡಿದು ಸಡಿಲವಾಗಿರುತ್ತದೆ. ಆರಿದಂತೆ ಅದರ ಎಳೆಗಳು ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. 1852ರಲ್ಲೇ ಫ್ರಾನ್ಸಿನ ಬುಸೆಂಗೋ ಎಂಬ ರಸಾಯನಶಾಸ್ತ್ರಜ್ಞ, ತೇವ ಒಂದಿಷ್ಟೂ ಹೋಗದಂತೆ ಮುಚ್ಚಿಟ್ಟರೂ ಬ್ರೆಡ್ ಗಟ್ಟಿಯಾಗುತ್ತದೆ ಎಂದು ತೋರಿಸಿದ. ಬಿಸಿ ಮಾಡಿದರೆ ಆ ಜೋಡಣೆ ಕಳಚುತ್ತದೆ, ಮೆತ್ತಗಾಗುತ್ತದೆ. ಈ ಗಟ್ಟಿಯಾಗುವ ಕೆಲಸ ಫ್ರಿಜ್ಜಿನ ಚಳಿಯಲ್ಲಿ ಹೊರಗಿಗಿಂತ ಬೇಗ ನಡೆಯುತ್ತದೆ. ತಿನ್ನುವ ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡುವುದು ದೊಡ್ಡ ದಡ್ಡತನ. ಫ್ರೀಜರಿನಲ್ಲಿ ಇಡಿ, ಅಲ್ಲಿ ನಿಂತುಬಿಡುತ್ತದೆ.

ಪಾಂಜನೆಲ್ಲಾಗೆ ಬೇಕಾದದ್ದು ಈ ಬಿಗಿದುಕೊಂಡ ಎಳೆಗಳೇ. ಅವು ತಣ್ಣೀರಿಗೆ ಪೂರ್ತಿ ಬಿಚ್ಚುವುದಿಲ್ಲ, ನೀರನ್ನು ಹಿಡಿದುಕೊಂಡೂ ಆಕಾರ ಬಿಡುವುದಿಲ್ಲ. ಬಿಸಿನೀರು ಹಾಕಿದರೆ ಕೆಟ್ಟಿತು. ಒಗ್ಗರಣೆ ಮೇಡಂ, ನೀವು ಯಾವ ನೀರು ಹಾಕಿದಿರಿ?

ಒಗ್ಗರಣೆ ಡಬ್ಬಿ
ಉಗುರುಬೆಚ್ಚಗಿನದು. ಬೇಗ ನೆನೆಯಲಿ ಎಂದು.

ಹಿಟ್ಟಿನ ಮೇಷ್ಟ್ರು
ಸಿಕ್ಕಿಬಿದ್ದಿರಿ.

ಪಯಣಿಗ
ಒಂದು ಎಚ್ಚರಿಕೆ: ಟಸ್ಕನಿಯಲ್ಲೇ ಎಲ್ಲ ಕಡೆ ಪಾಂಜನೆಲ್ಲಾ ಎಂದರೆ ಇದೇ ಅಲ್ಲ. ಕಡಲ ಕಡೆಯ ವೆರ್ಸಿಲಿಯಾಕ್ಕೆ ಕೆಲಸದ ಮೇಲೆ ಹೋಗಿದ್ದೆ. ಜುಲೈ ತಿಂಗಳ ಬಿಸಿಲು, ತಣ್ಣನೆಯ ಸಲಾಡ್ ಬರುತ್ತದೆ ಎಂದು ಪಾಂಜನೆಲ್ಲಾ ಹೇಳಿದೆ. ಬಂದದ್ದು ಎಣ್ಣೆಯಲ್ಲಿ ಕರಿದ ಬಿಸಿ ಬಿಸಿ ಹಿಟ್ಟಿನ ತುಂಡುಗಳು! ನಮ್ಮ ಪೂರಿಯ ದೂರದ ನೆಂಟ ಎನ್ನಬಹುದು. ತಪ್ಪು ತಂದಿದ್ದೀರಿ ಎಂದು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ವಾದಿಸಿದೆ. ಆ ಹುಡುಗ ಪಟ್ಟಿಯಲ್ಲಿ ಬರೆದಿದ್ದ ಹೆಸರಿನ ಮೇಲೆ ಬೆರಳಿಟ್ಟು ನಿಂತ. ಆ ಭಾಗದಲ್ಲಿ ಕರಿದ ಹಿಟ್ಟಿಗೂ ಅದೇ ಹೆಸರಂತೆ. ತಿಂದೆ, ಚೆನ್ನಾಗಿತ್ತು, ಸಿಟ್ಟು ಮಾತ್ರ ಎರಡು ದಿನ ಇತ್ತು.

ಅರ್ನೋ ದಂಡೆ
ಗಾರ್ಫಾನ್ಯಾನಾ ಬೆಟ್ಟದ ಕಡೆಯೂ ಹಾಗೆಯೇ. ಇನ್ನು ರೋಮಿನ ಸುತ್ತಮುತ್ತ ಬ್ರೆಡ್ಡನ್ನು ಉದುರಿಸುವುದೇ ಇಲ್ಲ. ಹೋಳನ್ನು ಇಡಿಯಾಗಿ ಒದ್ದೆ ಮಾಡಿ ಮೇಲೆ ಟೊಮೆಟೊ, ಎಣ್ಣೆ, ಬೇಸಿಲ್. ದಕ್ಷಿಣದ ಪುಲಿಯಾ, ಮತೇರಾ ಕಡೆ 'ಚಾಲೆದ್ದಾ' ಎಂಬುದಿದೆ. ಅಲ್ಲಿಯದು ಗಟ್ಟಿ ಗೋಧಿಯ ರವೆಹಿಟ್ಟಿನ ಹಳದಿ ಬ್ರೆಡ್, ಉಪ್ಪು ಹಾಕಿದ್ದು. ಒಬ್ಬೊಬ್ಬರೂ ತಮ್ಮದೇ ಸರಿ ಎನ್ನುತ್ತಾರೆ, ಇಲ್ಲಿ ಮುಟಗಿಗೆ ಆದ ಹಾಗೆ.

ಹೆಸರಿನ ಬಗ್ಗೆಯೂ ಒಂದು ಮಾತು. ಉಚ್ಚಾರ 'ಪಾನ್‌ತ್ಸಾನೆಲ್ಲಾ'ಕ್ಕೆ ಹತ್ತಿರ. 'ಪಾನೆ' ಎಂದರೆ ಬ್ರೆಡ್, 'ಜಾನೆಲ್ಲಾ' ಎಂದರೆ ಬೋಗುಣಿ, ಎರಡೂ ಸೇರಿ ಹೆಸರಾಯಿತು ಎನ್ನುವವರಿದ್ದಾರೆ. 'ಪಾನ್‌ತ್ಸಾನಾ' ಎಂಬ ಹಳೆಯ ಪದದಿಂದ ಬಂತು ಎನ್ನುವವರೂ ಇದ್ದಾರೆ. ಅದಕ್ಕೆ ಗಂಜಿಯಂಥದ್ದು ಎಂಬ ಅರ್ಥವೂ ಇತ್ತು, ಈಗಿನ ಮಾತಿನಲ್ಲಿ ಬುರುಡೆ, ಸುಳ್ಳು ಎಂದರ್ಥ.

ಕಡಲೆಪುರಿ
ಬ್ರೆಡ್ಡಿನ ಸಲಾಡ್ ಸುಲಭ ಎನ್ನುವುದೇ ದೊಡ್ಡ ಪಾನ್‌ತ್ಸಾನಾ.

ಉಪ್ಪಿನ ಡಬ್ಬಿ
ನನಗೆ ತಲೆಗೆ ಹತ್ತದ್ದು ಇದು: ಉಪ್ಪಿಲ್ಲದ ಬ್ರೆಡ್ ಏಕೆ? ಯಾವ ಪುಣ್ಯಾತ್ಮನಿಗೆ ಹೊಳೆಯಿತು? ಪೀಸಾದವರು 12ನೇ ಶತಮಾನದಲ್ಲಿ ಉಪ್ಪು ಬರುವ ದಾರಿ ಕಟ್ಟಿಹಾಕಿದರು, ಫ್ಲಾರೆನ್ಸಿನವರು ಹಟಕ್ಕೆ ಬಿದ್ದು ಸಪ್ಪೆ ಬ್ರೆಡ್ ಸುಟ್ಟರು ಎಂಬ ಕಥೆ ಕೇಳಿದ್ದೇನೆ.

ಹಳೆಯ ಕಡತ
ಕಥೆ ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಉಪ್ಪು ಕಟ್ಟಿಹಾಕಿದ ಪೀಸಾದಲ್ಲೂ ಸಪ್ಪೆ ಬ್ರೆಡ್ಡೇ ತಿನ್ನುತ್ತಾರಲ್ಲ, ಅವರು ಯಾರ ಮೇಲೆ ಹಟ ಮಾಡಿದರು? ಪಕ್ಕದ ಉಂಬ್ರಿಯಾದಲ್ಲೂ ಬ್ರೆಡ್ ಸಪ್ಪೆಯೇ. ಅವರನ್ನು ಕೇಳಿದರೆ ಪೋಪ್ ಮೂರನೇ ಪಾಲ್ ಉಪ್ಪಿನ ತೆರಿಗೆ ಏರಿಸಿದ, 1540ರಲ್ಲಿ ಪೆರೂಜಾ ನಗರ ದಂಗೆ ಎದ್ದಿತು, ಆಗ ಉಪ್ಪು ಬಿಟ್ಟೆವು ಎನ್ನುತ್ತಾರೆ. ಉಪ್ಪಿನ ಯುದ್ಧ ನಡೆದದ್ದು ನಿಜ, ಪೆರೂಜಾ ಸೋತದ್ದೂ ನಿಜ. ಬ್ರೆಡ್ ಸಪ್ಪೆಯಾದದ್ದು ಅದರಿಂದಲೇ ಎಂಬುದು ಊರ ಹೆಮ್ಮೆಗೆ ಕಟ್ಟಿದ ಮಾತು. ಎಷ್ಟು ಊರೋ ಅಷ್ಟು ವೈರಿಗಳು. ಉಪ್ಪು ದುಬಾರಿಯಾಗಿತ್ತು, ತೆರಿಗೆ ಇತ್ತು, ಅಷ್ಟು ಸಾಕು ನನಗೆ.

ಇನ್ನೊಂದು ಸ್ವಾರಸ್ಯ. ಕವಿ ದಾಂತೆಯನ್ನು 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರು ಮಾಡಿದರು. ಪರರ ಬ್ರೆಡ್ ಎಷ್ಟು ಉಪ್ಪು ಎಂದು ಅವನ ಕಾವ್ಯದಲ್ಲಿ ಬರುತ್ತದೆ. ಪರಾಧೀನ ಬದುಕಿನ ಕಹಿ ಎಂಬ ಅರ್ಥ ಇದ್ದೇ ಇದೆ. ಆದರೆ ಟಸ್ಕನಿಯ ಜನ ಅದನ್ನು ಓದಿ, ಅಷ್ಟೇ ಅಲ್ಲ, ನಿಜಕ್ಕೂ ಉಪ್ಪಾಗಿತ್ತು ಎನ್ನುತ್ತಾರೆ.

ಅರ್ನೋ ದಂಡೆ
ಮೊದಲ ತಿಂಗಳು ನನಗೂ ಕಾಗದ ತಿಂದ ಹಾಗಿತ್ತು. ಆಮೇಲೆ ಗೊತ್ತಾಯಿತು, ಇದನ್ನು ಬರೀ ತಿನ್ನುವುದಿಲ್ಲ. ಉಪ್ಪುಉಪ್ಪಾದ ಕುರಿಹಾಲಿನ ಚೀಸ್, ಉಪ್ಪು ಹಾಕಿ ಒಣಗಿಸಿದ ಮಾಂಸ, ಇವುಗಳ ಜೊತೆಗೆ ಇದು. ನಾವು ಉಪ್ಪಿನಕಾಯಿಗೆ ಬರೀ ಮೊಸರನ್ನ ಕಲಸುವ ಹಾಗೆ. ಉಳಿದದ್ದು ಹೇಗೂ ಅಡುಗೆಗೇ ಹೋಗುತ್ತದೆ: ಚಳಿಗಾಲಕ್ಕೆ ಕಪ್ಪು ಎಲೆಕೋಸು, ಹುರುಳಿಕಾಯಿ ಜಾತಿಯ ಬಿಳಿ ಕಾಳು ಹಾಕಿದ ರಿಬೊಲ್ಲೀತಾ, ಟೊಮೆಟೊ ಹಾಕಿ ಬೇಯಿಸಿದ ಪಾಪ್ಪಾ, ಬೇಸಿಗೆಗೆ ಪಾಂಜನೆಲ್ಲಾ. ಬ್ರೆಡ್ ಸುಡುವ ದಿನವೇ ನಾಲ್ಕನೇ ದಿನದ ಲೆಕ್ಕ ಇರುತ್ತದೆ. 2016ರಲ್ಲಿ ಈ ಸಪ್ಪೆ ಬ್ರೆಡ್ಡಿಗೆ ಯುರೋಪಿನ ಒಕ್ಕೂಟದಿಂದ ಮೂಲಸ್ಥಾನದ ಮಾನ್ಯತೆಯೂ ಸಿಕ್ಕಿದೆ, ಉಪ್ಪು ಹಾಕಿದರೆ ಆ ಹೆಸರಿನಲ್ಲಿ ಮಾರುವಂತಿಲ್ಲ!

ತುಳಸಿಕಟ್ಟೆ
ಬೇಸಿಲ್ ಬದಲು ತುಳಸಿ ಹಾಕಬಹುದೇ? ನಮ್ಮ ಹಿತ್ತಿಲಿನಲ್ಲಿ ಬೇಕಾದಷ್ಟಿದೆ.

ಹಳೇ ಅಗ್ರಹಾರ
ಕಷಾಯದ ಸಲಾಡ್ ತಿನ್ನುವ ಆಸೆ ಇದ್ದರೆ ಹಾಕಿ. ಬೇಸಿಲ್ ಎಂದರೆ ನಮ್ಮ ಕಾಮಕಸ್ತೂರಿಯ ಜಾತಿ. ಹೂವಿನವರು ಮಾಲೆಗೆ ನಡುನಡುವೆ ಕಟ್ಟುತ್ತಾರಲ್ಲ, ಅದು. ಅದರ ಬೀಜವನ್ನೇ ಶರಬತ್ತಿಗೆ ನೆನೆಸುವುದು. ಇಟಲಿಯದರ ಪರಿಮಳ ಸ್ವಲ್ಪ ಬೇರೆ, ಎಲೆ ದೊಡ್ಡದು, ಆದರೆ ಒಂದೇ ಕುಲ. ತುಳಸಿಗಿಂತ ನೂರು ಪಾಲು ಮೇಲು.

ಒಗ್ಗರಣೆ ಡಬ್ಬಿ
ಮೇಲೆ ಹಳಸಿದ್ದು ಎಂದು ಮೂಗು ಮುರಿದವರು ನೀವೇ ಅಲ್ಲವೇ?

ಹಳೇ ಅಗ್ರಹಾರ
ಸೊಪ್ಪಿನ ವಿಷಯ ಬೇರೆ.

ಒಗ್ಗರಣೆ ಡಬ್ಬಿ
ಸರಿ, ಎಲ್ಲರಿಗೂ ವರದಿ ಒಪ್ಪಿಸುತ್ತೇನೆ. ಹುಳಿ ಬರಿಸಿ ಸುಟ್ಟ ಬ್ರೆಡ್ ಮಾರುವ ಒಂದು ಅಂಗಡಿ ಹುಡುಕಿ ಇಡೀ ಉಂಡೆ ತಂದೆ. ಉಪ್ಪು ಇತ್ತು, ಸಕ್ಕರೆ ಇರಲಿಲ್ಲ. ಅರ್ಧ ತಿಂದು ಅರ್ಧವನ್ನು ಕತ್ತರಿಸಿ, ತೆಳು ಬಟ್ಟೆ ಮುಚ್ಚಿ ಮೂರು ದಿನ ಬಿಟ್ಟೆ. ಬೆಲೆ ಕೇಳಿ ಮನೆಯವರು, ಇಷ್ಟು ದುಡ್ಡು ಕೊಟ್ಟು ತಂದು ಒಣಗಿಸುತ್ತೀಯಲ್ಲ, ಇದು ಯಾವ ಸೀಮೆಯ ಬಡವರ ಊಟ ಎಂದರು. ಉತ್ತರ ಹೊಳೆಯಲಿಲ್ಲ.

ತಣ್ಣೀರಿನಲ್ಲಿ ಹನ್ನೆರಡು ನಿಮಿಷ. ತೊಗಟೆ ಮಾತ್ರ ಇನ್ನೂ ಗಟ್ಟಿ, ಅದನ್ನು ಬಿಡಿಸಿ ಇನ್ನೂ ಸ್ವಲ್ಪ ಹೊತ್ತು ಬಿಟ್ಟೆ. ಲಾಡು ಒತ್ತಿದ ಹಾಗೆ ಒತ್ತಿದೆ. ಉದುರಿಸಿದರೆ, ಆಹಾ, ತೆಂಗಿನಕಾಯಿ ತುರಿ! ಸುಮಾರು 250 ಗ್ರಾಂ ಒಣ ಬ್ರೆಡ್ಡಿಗೆ ನಾಲ್ಕು ಹಣ್ಣು ಟೊಮೆಟೊ, ಒಂದು ಈರುಳ್ಳಿ, ಅರ್ಧ ಸೌತೆಕಾಯಿ. ಈರುಳ್ಳಿಯನ್ನು ಮೊದಲೇ ವಿನೆಗರಿನಲ್ಲಿ ಹಾಕಿಟ್ಟೆ, ಘಾಟು ಇಳಿಯಿತು. ಟೊಮೆಟೊಗೆ ಉಪ್ಪು ಬೆರೆಸಿ ಬಿಟ್ಟ ರಸವನ್ನೂ ಸುರಿದೆ. ಎಣ್ಣೆ ಐದು ಚಮಚ, ಹೊಟ್ಟೆಗೆ ಸ್ವಲ್ಪ ಉರಿಯಾಯಿತು, ಅದು ಎಣ್ಣೆಯ ಬೆಲೆಗೆ. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಬಡಿಸಿದೆ. ಮನೆಯವರು ಎರಡು ಸಲ ಹಾಕಿಸಿಕೊಂಡರು, ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ಬಾಣಲೆ ಭಾವ
ಅಭಿನಂದನೆ. ಆದರೂ ಹುರಿದದ್ದನ್ನು ಒಮ್ಮೆ ಮಾಡಿ ನೋಡಿ.

ನಿಧಾನಿ
ಬಿಡುವುದಿಲ್ಲವಲ್ಲ ನೀವು.

ತುಳಸಿಕಟ್ಟೆ
ಕಾಮಕಸ್ತೂರಿ ಎಲ್ಲಿ ಸಿಕ್ಕಿತು ಅಕ್ಕ?

ಒಗ್ಗರಣೆ ಡಬ್ಬಿ
ಹೂವಿನ ಮಾರುಕಟ್ಟೆಯಲ್ಲಿ. ದೇವರಿಗೆ ಎಂದುಕೊಂಡು ಆಕೆ ಒಂದು ಹಿಡಿ ಜಾಸ್ತಿಯೇ ಕೊಟ್ಟಳು, ನಾನೂ ಬಾಯಿ ಬಿಡಲಿಲ್ಲ. ಅಂದ ಹಾಗೆ ಒಂದು ಬಟ್ಟಲು ಮಿಕ್ಕಿದೆ. ಉಳಿದ ಬ್ರೆಡ್ಡಿನ ಸಲಾಡೇ ಉಳಿದರೆ ಏನು ಮಾಡುತ್ತಾರೆ?

ಅರ್ನೋ ದಂಡೆ
ಅದನ್ನು ಉಳಿಸುವುದಿಲ್ಲ. ನಾಳೆಗೆ ನೀರು ಬಿಟ್ಟು ಸೋತುಹೋಗುತ್ತದೆ. ರಾತ್ರಿಯೇ ತಿಂದು ಮುಗಿಸಿ.

ಕಡಲೆಪುರಿ
ಸಾಸಿವೆ, ಕರಿಬೇವು ಹಾಕಿ ಬಾಣಲೆಗೆ ಇಳಿಸಿ. ಉಪ್ಪಿಟ್ಟು.